‘ಕ್ವೈಟ್ ಗುಡ್’ ಅಂದ್ರೆ ಹೊಗಳಿಕೆಯಾ, ದೂರಾ? ಈ ಪದ ಓದೋದು ಹೇಗೆ, ಬಳಸೋದು ಹೇಗೆ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಿಗೆ ಈ ಗೊಂದಲ ಹೊಸದಲ್ಲ. ಇಂಗ್ಲೆಂಡಿನ ಗಂಡ ಹೆಂಡತಿ ಬರುತ್ತಾರೆ, ನಗುನಗುತ್ತಾ ಇರುತ್ತಾರೆ, ನಗುನಗುತ್ತಾ ಹೊರಡುತ್ತಾರೆ, ಊರು ಸೇರಿದ ಮೇಲೆ ‘ದ ಫುಡ್ ವಾಸ್ ಕ್ವೈಟ್ ಗುಡ್’ ಅಂತ ಬರೆದು ಐದಕ್ಕೆ ಮೂರು ಸ್ಟಾರ್ ಕೊಡುತ್ತಾರೆ. ಅದಾದ ಮೇಲೆ ಅಮೆರಿಕದಿಂದ ಇನ್ಯಾರೋ ಬರುತ್ತಾರೆ. ಅವರೂ ‘ಕ್ವೈಟ್ ಗುಡ್’ ಅಂತಲೇ ಬರೆಯುತ್ತಾರೆ, ಆದರೆ ಐದಕ್ಕೆ ಐದು. ಅಡುಗೆ ಅದೇ, ಮಾಡಿದ ಕೈ ಅದೇ, ಬರೆದ ಪದವೂ ಅದೇ. ಹಾಗಾದರೆ ಈ ಕ್ವೈಟ್ (quite) ಅಂದರೆ ಏನು?

ಡಿಕ್ಷನರಿ ತೆಗೆದರೆ ತಲೆ ಇನ್ನೂ ಕೆಡುತ್ತದೆ. ಒಂದು ಕಡೆ ‘ಪೂರ್ತಿಯಾಗಿ’ ಅಂತ ಇರುತ್ತದೆ, ಅದರ ಕೆಳಗೇ ‘ಒಂದು ಮಟ್ಟಿಗೆ’ ಅಂತಲೂ ಇರುತ್ತದೆ. ಎರಡೂ ಸರಿ. ಯಾವಾಗ ಯಾವುದು ಅಂತ ಕಂಡುಹಿಡಿಯೋಕೆ ದಾರಿ ಇದೆ, ಅದು ಕಷ್ಟದ್ದೇನಲ್ಲ. ಹೋಂಸ್ಟೇಯವರಿಗೆ, ಎಸ್ಟೇಟ್ ಆಫೀಸಿನಲ್ಲಿ ಕೂತು ಮೇಲ್ ಬರೆಯುವವರಿಗೆ, ಪಿಯುಸಿ ಮಕ್ಕಳಿಗೆ, ಮೂವರಿಗೂ ಇದೇ ಸಾಕು.

ಮುಂದಿನ ಪದ ನೋಡಿ

ಕ್ವೈಟ್ ಒಂಟಿಯಾಗಿ ಏನೂ ಹೇಳುವುದಿಲ್ಲ. ಅದರ ಪಕ್ಕದಲ್ಲಿ ಯಾವ ಪದ ಕೂತಿದೆ ಅನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ಕೆಲವು ಗುಣಗಳು ಹೆಚ್ಚು ಕಡಿಮೆ ಆಗುತ್ತವೆ. ಚಳಿ ಸ್ವಲ್ಪ ಇರಬಹುದು, ಜಾಸ್ತಿ ಇರಬಹುದು, ತಡೆಯೋಕೆ ಆಗದಷ್ಟು ಇರಬಹುದು. ಖಾರವೂ ಹಾಗೆ, ದೂರವೂ ಹಾಗೆ, ಒಳ್ಳೆಯದು ಅನ್ನುವುದೂ ಹಾಗೆ. ಇಂಥ ಪದದ ಮುಂದೆ ಕ್ವೈಟ್ ಬಂದರೆ ‘ತಕ್ಕಮಟ್ಟಿಗೆ’ ಅಂತ ಅರ್ಥ. ‘ಇಟ್ ವಾಸ್ ಕ್ವೈಟ್ ಕೋಲ್ಡ್ ಇನ್ ಮಡಿಕೇರಿ’ ಅಂದರೆ ಚಳಿ ಇತ್ತು, ಸ್ವೆಟರ್ ಹಾಕಿಕೊಳ್ಳುವಷ್ಟಿತ್ತು, ಹಲ್ಲು ಕಟಕಟ ಅನ್ನುವಷ್ಟಲ್ಲ.

ಇನ್ನು ಕೆಲವು ಗುಣಗಳು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಂಪಾಸಿಬಲ್, ಡೆಡ್, ಪರ್ಫೆಕ್ಟ್, ಯುನೀಕ್, ಅಲೋನ್. ಸತ್ತದ್ದು ಸ್ವಲ್ಪ ಸತ್ತಿರುವುದಿಲ್ಲ, ಅಲ್ವಾ? ಇಂಥ ಪದದ ಮುಂದೆ ಬಂದ ಕ್ವೈಟ್ ‘ಪೂರ್ತಿ, ನೂರಕ್ಕೆ ನೂರು’ ಅನ್ನುತ್ತದೆ. ಜುಲೈ ತಿಂಗಳಲ್ಲಿ ಜೀಪ್ ಡ್ರೈವರ್ ‘ದಟ್ ರೋಡ್ ಈಸ್ ಕ್ವೈಟ್ ಇಂಪಾಸಿಬಲ್ ನೌ’ ಅಂದರೆ, ‘ಸ್ವಲ್ಪ ಕಷ್ಟ ಆಗಬಹುದು’ ಅಂತ ತಿಳಿದುಕೊಂಡು ಕಾರನ್ನು ಆ ದಾರಿಗೆ ತಿರುಗಿಸಬೇಡಿ. ಸಾಧ್ಯವೇ ಇಲ್ಲ ಅಂತ ಅವನು ಹೇಳುತ್ತಿದ್ದಾನೆ.

ಈ ಎರಡನೇ ಗುಂಪಿನಲ್ಲೇ ತುಂಬ ಜೋರಾದ ಪದಗಳೂ ಸೇರುತ್ತವೆ. ಬ್ರಿಲಿಯಂಟ್, ಸ್ಟನ್ನಿಂಗ್, ಎಕ್ಸಾಸ್ಟೆಡ್, ಫ್ರೀಜಿಂಗ್ ಇಂಥವು. ಕೋಲ್ಡ್ ಮೊದಲನೇ ಗುಂಪು, ಫ್ರೀಜಿಂಗ್ ಎರಡನೆಯದು. ಟೈರ್ಡ್ ಮೊದಲನೆಯದು, ಎಕ್ಸಾಸ್ಟೆಡ್ ಎರಡನೆಯದು. ಅದಕ್ಕೇ ‘ಕ್ವೈಟ್ ಟೈರ್ಡ್’ ಅಂದವನಿಗೆ ಒಂದು ಲೋಟ ಕಾಫಿ ಕೊಟ್ಟರೆ ಮಾತಿಗೆ ಕೂರುತ್ತಾನೆ, ‘ಕ್ವೈಟ್ ಎಕ್ಸಾಸ್ಟೆಡ್’ ಅಂದವನನ್ನು ಸುಮ್ನೆ ಮಲಗಲು ಬಿಡಬೇಕು.

ಯಾವ ಪದ ಯಾವ ಗುಂಪು ಅಂತ ಗೊತ್ತಾಗದಿದ್ದರೆ ಅದರ ಮುಂದೆ ‘ವೆರಿ’ ಹಾಕಿ ಓದಿ. ವೆರಿ ಕೋಲ್ಡ್, ವೆರಿ ಸ್ಪೈಸಿ ಕಿವಿಗೆ ಸರಿಯಾಗಿ ಕೇಳುತ್ತದೆ. ವೆರಿ ಇಂಪಾಸಿಬಲ್, ವೆರಿ ಸ್ಟನ್ನಿಂಗ್ ಕೇಳಿದರೆ ಏನೋ ಎಡವಟ್ಟು ಅನಿಸುತ್ತದೆ. ವೆರಿ ಕೂರದ ಕಡೆ ಕ್ವೈಟ್ ಬಂದರೆ ಅದು ‘ಪೂರ್ತಿ’. ಈ ಪರೀಕ್ಷೆ ಬಹಳ ಕಡೆ ನಡೆಯುತ್ತದೆ, ಎಲ್ಲ ಕಡೆ ಅಲ್ಲ. ಡಿಫರೆಂಟ್, ಶೂರ್, ಸರ್ಟನ್, ಈ ಮೂರರ ಮುಂದೆ ವೆರಿಯೂ ಬರುತ್ತದೆ, ಆದರೂ ಕ್ವೈಟ್ ಬಂದರೆ ಸಾಮಾನ್ಯವಾಗಿ ‘ಪೂರ್ತಿ’ ಅಂತಲೇ ಅರ್ಥ. ಇವನ್ನು ಬಾಯಿಪಾಠ ಮಾಡಿಕೊಳ್ಳುವುದೇ ವಾಸಿ. ‘ಅರೇಬಿಕಾ ಈಸ್ ಕ್ವೈಟ್ ಡಿಫರೆಂಟ್ ಫ್ರಮ್ ರೊಬಸ್ಟಾ’ ಅಂದರೆ ಎರಡಕ್ಕೂ ಅಲ್ಪಸ್ವಲ್ಪ ವ್ಯತ್ಯಾಸ ಅಂತಲ್ಲ. ಅರೇಬಿಕಾ ಕಾಫಿಗೆ ಎತ್ತರ ಬೇಕು, ನೆರಳು ಬೇಕು, ಕಾಂಡಕೊರಕದ ಕಾಟ ಬೇರೆ. ರೊಬಸ್ಟಾ ತಗ್ಗಿನಲ್ಲೂ ಬೆಳೆಯುತ್ತದೆ, ರೋಗಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ, ಕುಡಿದರೆ ಕಹಿ ಜಾಸ್ತಿ. ಬೇರೆಯೇ ಗಿಡ, ಬೇರೆಯೇ ಕಾಫಿ. ಕ್ವೈಟ್ ಡಿಫರೆಂಟ್ ಅಂದರೆ ಅಷ್ಟು ಬೇರೆ.

ಒಂದು ಪದಕ್ಕೆ ಇಷ್ಟು ಉಲ್ಟಾ ಅರ್ಥ ಹೇಗೆ ಬಂತು ಅಂತ ಕೇಳಬಹುದು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಇದಕ್ಕೆ ‘ಪೂರ್ತಿ’ ಅನ್ನುವ ಅರ್ಥ ಒಂದೇ ಇತ್ತು. ‘ತಕ್ಕಮಟ್ಟಿಗೆ’ ಅನ್ನುವುದು ಎಷ್ಟೋ ಕಾಲದ ಮೇಲೆ ಸೇರಿಕೊಂಡಿತು. ಹಳೆಯದು ಹೋಗಲಿಲ್ಲ, ಹೊಸದೂ ಬಿಡಲಿಲ್ಲ.

ಹೇಳಿದವರು ಯಾರು?

ಇಲ್ಲೇ ಹೋಂಸ್ಟೇಯವರು ಎಡವುವುದು. ಮೇಲೆ ಹೇಳಿದ ‘ತಕ್ಕಮಟ್ಟಿಗೆ’ ಬ್ರಿಟಿಷರ ಲೆಕ್ಕ. ಅಮೆರಿಕದವರು ಬಹಳ ಸಲ ಕ್ವೈಟ್ ಅನ್ನು ‘ವೆರಿ’ ಅನ್ನುವಷ್ಟೇ ಜೋರಾಗಿ ಬಳಸುತ್ತಾರೆ. ಅಮೆರಿಕದವರ ಕ್ವೈಟ್ ಗುಡ್ ಅಂದರೆ ‘ತುಂಬ ಚೆನ್ನಾಗಿತ್ತು’. ಬ್ರಿಟಿಷರ ಕ್ವೈಟ್ ಗುಡ್ ಅಂದರೆ ‘ಪರವಾಗಿಲ್ಲ, ಚೆನ್ನಾಗಿತ್ತು’. ನಮ್ಮ ದೇಶದವರು ಎರಡರ ನಡುವೆ. ಶಾಲೆಯ ಗ್ರಾಮರ್ ಪುಸ್ತಕ ಬ್ರಿಟಿಷರದ್ದು, ಮೊಬೈಲಿನಲ್ಲಿ ನೋಡುವ ಸೀರಿಯಲ್ ಅಮೆರಿಕದ್ದು. ಬೆಂಗಳೂರಿನ ಐಟಿ ಹುಡುಗರು ಕ್ವೈಟ್ ಗುಡ್ ಅಂತ ಬರೆದರೆ ಸಾಮಾನ್ಯವಾಗಿ ಖುಷಿಯಿಂದಲೇ ಬರೆದಿರುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಬ್ರಿಟಿಷರು ಎದುರಿಗೇ ಕೂತು ಮಾತಾಡುತ್ತಿದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಅಂತ ಕಿವಿಗೊಡಿ. ‘ಗುಡ್’ ಮೇಲೆ ಒತ್ತು ಬಿದ್ದರೆ ಮೆಚ್ಚಿದ್ದಾರೆ. ‘ಕ್ವೈಟ್’ ಅನ್ನುವುದನ್ನೇ ಎಳೆದು, ಒತ್ತಿ, ‘ಕ್ವೈಯ್ಟ್ ಗುಡ್’ ಅಂದರೆ ಹಿಂದೆ ಒಂದು ‘ಬಟ್’ ಬರುತ್ತಿದೆ ಅಂತಲೇ ತಿಳಿಯಿರಿ. ಕನ್ನಡದಲ್ಲಿ ನಾವೂ ಇದೇ ಮಾಡುತ್ತೇವೆ. ‘ಚೆನ್ನಾಗಿದೆ’ ಅಂದರೆ ಮಾತು ಮುಗಿಯಿತು. ‘ಚೆನ್ನಾಗೇನೋ ಇದೆ’ ಅಂದರೆ ಕೇಳುವವನು ತಕ್ಷಣ ‘ಮತ್ತೆ? ಏನಾಯ್ತು?’ ಅನ್ನುತ್ತಾನೆ. ಆ ‘ಏನೋ’ ಮಾಡುವ ಕೆಲಸವನ್ನೇ ಬ್ರಿಟಿಷರ ಒತ್ತಿದ ಕ್ವೈಟ್ ಮಾಡುತ್ತದೆ.

ಬರವಣಿಗೆಯಲ್ಲಿ ಒತ್ತು ಕಾಣುವುದಿಲ್ಲ. ಹಾಗಾಗಿ ಸುತ್ತಮುತ್ತಲಿನ ಮಾತು ನೋಡಬೇಕು. ಈಗ ಒಂದು ರಿವ್ಯೂ ಕಲ್ಪಿಸಿಕೊಳ್ಳಿ. ‘ದ ವ್ಯೂ ವಾಸ್ ಕ್ವೈಟ್ ಸ್ಟನ್ನಿಂಗ್. ದ ಪಂದಿ ಕರಿ ವಾಸ್ ಕ್ವೈಟ್ ಸ್ಪೈಸಿ. ದ ಶವರ್ ವಾಸ್ ನಾಟ್ ಕ್ವೈಟ್ ಹಾಟ್ ಎನಫ್.’ ಮೂರು ವಾಕ್ಯ, ಮೂರು ಕ್ವೈಟ್, ಮೂರಕ್ಕೂ ಬೇರೆ ಅರ್ಥ.

ಮೊದಲನೆಯದು ಪೂರ್ತಿ ಹೊಗಳಿಕೆ. ಸ್ಟನ್ನಿಂಗ್ ಎರಡನೇ ಗುಂಪಿನ ಪದ, ಬೆಟ್ಟ ನೋಡಿ ಬೆರಗಾಗಿದ್ದಾರೆ. ಎರಡನೆಯದರಲ್ಲಿ ಖಾರ ಇತ್ತು ಅಂದಿದ್ದಾರೆ, ಅದು ದೂರಲ್ಲ, ಹೊಗಳಿಕೆಯೂ ಅಲ್ಲ, ಮುಂದೆ ಬರುವವರಿಗೆ ಹೇಳಿದ ಮಾತು. ಕರಿಮೆಣಸು ಬಿದ್ದ ಪಂದಿ ಕರಿ, ಅಂದರೆ ಕೊಡಗಿನ ಹಂದಿ ಮಾಂಸದ ಸಾರು, ಖಾರ ಇಲ್ಲದೆ ಇನ್ನೇನು ಇರುತ್ತದೆ? ಮೂರನೆಯದು ಮಾತ್ರ ನಿಜವಾದ ದೂರು. ಬಹಳ ನಯವಾಗಿ ಹೇಳಿದ್ದಾರೆ, ಅಷ್ಟೇ. ನೀರು ಬೆಚ್ಚಗಿತ್ತು, ಸ್ನಾನಕ್ಕೆ ಬೇಕಾದಷ್ಟು ಬಿಸಿ ಇರಲಿಲ್ಲ. ಉತ್ತರ ಬರೆಯುವಾಗ ವ್ಯೂಗೆ ಥ್ಯಾಂಕ್ಸ್ ಹೇಳಿ, ಖಾರಕ್ಕೆ ಸಾರಿ ಕೇಳಬೇಡಿ, ‘ಮೊದಲೇ ಹೇಳಿದರೆ ಕಡಿಮೆ ಖಾರ ಮಾಡಿಕೊಡುತ್ತೇವೆ’ ಅನ್ನಿ ಸಾಕು. ಬಿಸಿನೀರಿನ ಬಗ್ಗೆ ಏನು ಮಾಡಿದಿರಿ ಅಂತ ಮಾತ್ರ ಸರಿಯಾಗಿ ಬರೆಯಿರಿ. ಎಷ್ಟೋ ಜನ ಉಲ್ಟಾ ಮಾಡುತ್ತಾರೆ. ಖಾರಕ್ಕೆ ನಾಲ್ಕು ಸಾಲು ಕ್ಷಮೆ, ಬಿಸಿನೀರಿನ ಮಾತೇ ಇಲ್ಲ.

ನಾಟ್ ಕ್ವೈಟ್

ಇದು ‘ಇಲ್ಲ’ ಅಲ್ಲ, ‘ಇನ್ನೇನು ಸ್ವಲ್ಪದರಲ್ಲಿ ಇಲ್ಲ’. ಕಾಫಿ ಕೊಯ್ಲಿನ ಸಮಯದಲ್ಲಿ ಗಿಡದ ಹತ್ತಿರ ನಿಂತು ನೋಡಿದರೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಒಂದೇ ಗೊಂಚಲಲ್ಲಿ ಹಸಿರು ಕಾಯಿ ಇರುತ್ತದೆ, ಹಳದಿಗೆ ತಿರುಗಿದ್ದು ಇರುತ್ತದೆ, ತೊಟ್ಟಿನ ಹತ್ತಿರ ಮಾತ್ರ ಇನ್ನೂ ಹಸಿರು ಉಳಿದು ಉಳಿದದ್ದೆಲ್ಲ ಕೆಂಪಾದದ್ದು ಇರುತ್ತದೆ, ಪೂರ್ತಿ ಕೆಂಪು ಹಣ್ಣೂ ಇರುತ್ತದೆ. ಪೂರ್ತಿ ಹಣ್ಣನ್ನು ಬೆರಳಲ್ಲಿ ಹಿಚುಕಿದರೆ ಬೀಜ ಪುಳಕ್ಕನೆ ಜಾರಿ ಹೊರಗೆ ಬರುತ್ತದೆ, ಕೈಯೆಲ್ಲ ಅಂಟು. ತೊಟ್ಟಿನ ಹತ್ತಿರ ಹಸಿರು ಉಳಿದದ್ದನ್ನು ಹಿಚುಕಿದರೆ ಬೀಜ ಅಷ್ಟು ಸಲೀಸಾಗಿ ಬರುವುದಿಲ್ಲ. ಆ ಹಣ್ಣು ‘ನಾಟ್ ಕ್ವೈಟ್ ರೈಪ್’. ಹಸಿರು ಕಾಯಿಗೆ ಹಾಗೆ ಹೇಳುವಂತಿಲ್ಲ, ಅದು ‘ನಾಟ್ ರೈಪ್ ಅಟ್ ಆಲ್’.

ರೂಮು ‘ನಾಟ್ ಕ್ವೈಟ್ ರೆಡಿ’ ಅಂದರೆ ಗೆಸ್ಟ್ ಹೊರಗೆ ಕೂತು ಒಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತದೆ ಅಂತ. ಇನ್ನೂ ಎರಡು ಗಂಟೆ ಬೇಕಿದ್ದರೆ ಈ ಮಾತು ಬಳಸಬೇಡಿ, ಸಿಟ್ಟಾಗುತ್ತಾರೆ. ‘ಐ ಡೋಂಟ್ ಕ್ವೈಟ್ ಅಂಡರ್‌ಸ್ಟಾಂಡ್’ ಅಂದರೆ ಸುಮಾರಾಗಿ ಅರ್ಥ ಆಯಿತು, ಒಂದೆರಡು ಕಡೆ ಸಿಗಲಿಲ್ಲ ಅಂತ. ಗೆಸ್ಟಿನ ಉಚ್ಚಾರ ತಿಳಿಯದೇ ಹೋದಾಗ ಇದನ್ನು ಹೇಳಿದರೆ ಮರ್ಯಾದೆಯಾಗಿರುತ್ತದೆ.

ಇನ್ನೊಂದು ಎಚ್ಚರಿಕೆ. ‘ನಾಟ್ ಕ್ವೈಟ್ ವಾಟ್ ವಿ ಎಕ್ಸ್‌ಪೆಕ್ಟೆಡ್’ ಅಂತ ಯಾರಾದರೂ ಬರೆದರೆ ಅಕ್ಷರಕ್ಕೆ ಅಕ್ಷರ ನೋಡಿದಾಗ ‘ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಬೇರೆ’ ಅಂತ ಕಾಣುತ್ತದೆ. ನಿಜವಾಗಿ ಅವರಿಗೆ ಬೇಜಾರಾಗಿದೆ. ಫೋನ್ ಮಾಡಿ ಮಾತಾಡಿ. ನಾಟ್ ಯಾವಾಗಲೂ ಮೊದಲು, ಕ್ವೈಟ್ ಆಮೇಲೆ. ‘ಕ್ವೈಟ್ ನಾಟ್ ರೆಡಿ’ ಅಂತ ಹೇಳುವುದಿಲ್ಲ.

ಕ್ವೈಟ್ ಎ ಫ್ಯೂ ಅಂದರೆ ಕಡಿಮೆಯಲ್ಲ

ಫ್ಯೂ ಅಂದರೆ ಕೆಲವು ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಕ್ವೈಟ್ ಸೇರಿದರೆ ಅದು ‘ತುಂಬ’ ಆಗಿಬಿಡುತ್ತದೆ. ‘ದೇರ್ ವರ್ ಕ್ವೈಟ್ ಎ ಫ್ಯೂ ಲೀಚಸ್ ಆನ್ ದ ಟ್ರೇಲ್’ ಅಂತ ತಡಿಯಂಡಮೋಳ್ ಹತ್ತಿ ಬಂದವರು ಬರೆದರೆ, ‘ಓ, ಕೆಲವೇ ಜಿಗಣೆ ಇದ್ದವಂತೆ’ ಅಂತ ಮುಂದಿನವರಿಗೆ ಹೇಳಿ ಕಳಿಸಬೇಡಿ. 1,748 ಮೀಟರ್ ಎತ್ತರದ ಬೆಟ್ಟ, ಮಳೆಗಾಲ, ಶೋಲಾ ಕಾಡು. ಕಾಲಿನ ತುಂಬ ಜಿಗಣೆ ಹತ್ತಿಸಿಕೊಂಡು ಬಂದಿದ್ದಾರೆ ಅಂತ ಅರ್ಥ.

ಇದಕ್ಕೆ ನಮ್ಮ ‘ಸುಮಾರು’ ಸರಿಯಾದ ಜೋಡಿ. ‘ಊಟ ಹೇಗಿತ್ತು?’ ‘ಸುಮಾರಾಗಿತ್ತು’ ಅಂದರೆ ಅಷ್ಟಕ್ಕಷ್ಟೆ. ‘ಮದುವೆಗೆ ಜನ ಬಂದಿದ್ರಾ?’ ‘ಸುಮಾರು ಜನ ಬಂದಿದ್ರು’ ಅಂದರೆ ಚೆನ್ನಾಗೇ ಸೇರಿದ್ದರು. ‘ಸುಮಾರು ದಿನ ಆಯ್ತಲ್ಲ ನೋಡಿ’ ಅಂದರೆ ಬಹಳ ದಿನ. ಒಂದೇ ಪದ, ಒಂದು ಕಡೆ ಇಳಿಸುತ್ತದೆ, ಇನ್ನೊಂದು ಕಡೆ ಏರಿಸುತ್ತದೆ. ಕ್ವೈಟ್ ಕೂಡ ಹಾಗೇ. ಗುಣದ ಪಕ್ಕ ಬಂದರೆ ಸುಮಾರಾಗಿ, ಲೆಕ್ಕದ ಪಕ್ಕ ಬಂದರೆ ಸುಮಾರು ಜನ, ಸುಮಾರು ದಿನ. ಕ್ವೈಟ್ ಎ ಫ್ಯೂ, ಕ್ವೈಟ್ ಎ ಲಾಟ್, ಕ್ವೈಟ್ ಎ ಬಿಟ್, ಕ್ವೈಟ್ ಸಮ್ ಟೈಮ್, ಇವೆಲ್ಲ ಎರಡನೇ ಜಾತಿ. ಇವುಗಳಲ್ಲಿ ಬ್ರಿಟನ್, ಅಮೆರಿಕ ಅಂತ ಜಗಳ ಇಲ್ಲ, ಎಲ್ಲರಿಗೂ ‘ಜಾಸ್ತಿ’. ಮಧ್ಯದ ‘ಎ’ ಮಾತ್ರ ಬಿಡಬಾರದು. ‘ಓನ್ಲಿ ಎ ಫ್ಯೂ’ ಅಂದಾಗ ಮಾತ್ರ ನಿಜವಾಗಿ ಕೆಲವೇ.

ಪ್ಲಾಂಟರುಗಳ ಹತ್ತಿರ ‘ಕ್ವೈಟ್ ಎ ಬಿಟ್ ಆಫ್ ರೇನ್’ ಅಂದು ನೋಡಿ, ಒಪ್ಪುವುದಿಲ್ಲ. ಎಷ್ಟು ಇಂಚು, ಎಷ್ಟು ಸೆಂಟು ಅಂತ ಕೇಳುತ್ತಾರೆ. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ 1 ಇಂಚು 20 ಸೆಂಟಿಗೂ ಬರೀ 40 ಸೆಂಟಿಗೂ ಅವರಿಗೆ ಇಡೀ ವರ್ಷದ ವ್ಯತ್ಯಾಸ. ಇಂಥ ಕಡೆ ಕ್ವೈಟ್ ಕೆಲಸಕ್ಕೆ ಬಾರದ ಪದ.

ಕ್ವೈಟ್ ಎ ಆದ ಮೇಲೆ ನೇರವಾಗಿ ನಾಮಪದ ಬಂದರೆ ಅದು ಬೆರಗು. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ ನೋಡಿ ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಗೆಸ್ಟ್ ‘ದಟ್ ವಾಸ್ ಕ್ವೈಟ್ ಎ ನೈಟ್!’ ಅಂದರೆ ‘ಅದೇನ್ ರಾತ್ರಿ ಅಂತೀರಾ!’ ಅಂದ ಹಾಗೆ. ಒಳ್ಳೆಯದಕ್ಕೇ ಬಳಸಬೇಕು ಅಂತಿಲ್ಲ. ಮೂರು ದಿನ ಕರೆಂಟು ಇಲ್ಲದೆ ಕಳೆದವರೂ ‘ಕ್ವೈಟ್ ಎ ಹಾಲಿಡೇ’ ಅನ್ನಬಹುದು, ಮುಖ ನೋಡಿ ತಿಳಿದುಕೊಳ್ಳಬೇಕು. ‘ಕ್ವೈಟ್ ದ ಎಕ್ಸ್‌ಪರ್ಟ್’ ಅಂತ ‘ದ’ ಬಂದರೆ ಬಹಳ ಸಲ ಕುಟುಕು. ‘ದೊಡ್ಡ ಪಂಡಿತ ಕಣಪ್ಪ ಇವನು’ ಅನ್ನುತ್ತೇವಲ್ಲ, ಅದು.

ಎಲ್ಲಿ ಕೂರಿಸಬೇಕು

ಪರೀಕ್ಷೆಗೆ ಓದುವ ಮಕ್ಕಳಿಗೆ ಇಷ್ಟು. ‘ಎ’ ಇದ್ದರೆ ಕ್ವೈಟ್ ಅದಕ್ಕಿಂತ ಮೊದಲು ಬರುತ್ತದೆ: ‘ಇಟ್ ಈಸ್ ಕ್ವೈಟ್ ಎ ಬಿಗ್ ಎಸ್ಟೇಟ್’. ‘ಎ ವೆರಿ ಬಿಗ್ ಎಸ್ಟೇಟ್’ ಇದಕ್ಕೆ ಉಲ್ಟಾ, ಅಲ್ಲಿ ‘ಎ’ ಮೊದಲು. ಕ್ರಿಯಾಪದದ ಜೊತೆ ಬಂದರೆ ಅದರ ಮುಂದೆ ಕೂರುತ್ತದೆ: ‘ಐ ಕ್ವೈಟ್ ಲೈಕ್ ಕಡಂಬುಟ್ಟು’. ಇದು ‘ಇಷ್ಟವೇ, ಆದರೆ ಪ್ರಾಣ ಬಿಡುವಷ್ಟಲ್ಲ’. ‘ಐ ಕ್ವೈಟ್ ಅಗ್ರೀ’ ಮಾತ್ರ ‘ಪೂರ್ತಿ ಒಪ್ಪುತ್ತೇನೆ’. ವಯಸ್ಸಾದ ಇಂಗ್ಲಿಷರು ಬರೀ ‘ಕ್ವೈಟ್!’ ಅಂತ ಒಂದೇ ಮಾತು ಹೇಳಿ ತಲೆ ಆಡಿಸಿದರೆ ಅದೂ ‘ಹೌದೌದು, ನೀವು ಹೇಳಿದ್ದು ಸರಿ’ ಅಂತಲೇ.

ಹೋಲಿಕೆಯ ಪದದ ಜೊತೆ ಕ್ವೈಟ್ ಬರುವುದಿಲ್ಲ. ‘ಮಡಿಕೇರಿ ಈಸ್ ಕ್ವೈಟ್ ಕೂಲರ್ ದ್ಯಾನ್ ಕುಶಾಲನಗರ’ ತಪ್ಪು. ಮಚ್ ಕೂಲರ್ ಅನ್ನಿ, ಎ ಲಾಟ್ ಕೂಲರ್ ಅನ್ನಿ, ಸ್ವಲ್ಪವೇ ಅನಿಸಿದರೆ ಎ ಬಿಟ್ ಕೂಲರ್ ಅನ್ನಿ. ‘ಕ್ವೈಟ್ ಬೆಟರ್’ ಒಂದು ಮಾತ್ರ ನಡೆಯುತ್ತದೆ, ಅದೂ ಜ್ವರ ಬಿಟ್ಟು ಪೂರ್ತಿ ಹುಷಾರಾದವರ ಬಗ್ಗೆ.

ಇದರ ದಾಯಾದಿಗಳೂ ಇದ್ದಾರೆ. ಫೇರ್ಲಿ ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಪ್ರಿಟಿ ಹೆಚ್ಚು ಕಡಿಮೆ ಇದೇ ಮಟ್ಟ, ಆದರೆ ಆಡುಮಾತು, ಆಫೀಸ್ ಮೇಲ್‌ಗೆ ಬೇಡ. ರಾದರ್ ಬಂದರೆ ‘ಅಂದುಕೊಂಡಿದ್ದಕ್ಕಿಂತ ಜಾಸ್ತಿ’ ಅನ್ನುವ ಛಾಯೆ, ಬಹಳ ಸಲ ಮೂಗು ಮುರಿಯುತ್ತಾ ಹೇಳುವುದು. ‘ಫೇರ್ಲಿ ವಾರ್ಮ್’ ಅಂದವರಿಗೆ ಹಿತವಾಗಿದೆ, ‘ರಾದರ್ ವಾರ್ಮ್’ ಅಂದವರು ಫ್ಯಾನ್ ಸ್ವಿಚ್ ಹುಡುಕುತ್ತಿದ್ದಾರೆ.

ಸ್ಪೆಲ್ಲಿಂಗ್ ಗಂಡಾಂತರ

ನಮ್ಮ ಕಡೆ ಬೋರ್ಡುಗಳಲ್ಲಿ, ಜಾಹೀರಾತುಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದು. ‘ಪ್ರಶಾಂತವಾದ ಜಾಗ’ ಅಂತ ಹೇಳಲು ಹೋಗಿ ‘ಕ್ವೈಟ್ ಪ್ಲೇಸ್’ ಅಂತ ಹಾಕಿಸಿರುತ್ತಾರೆ. ಪ್ರಶಾಂತ ಅನ್ನುವುದು ಕ್ವಯೆಟ್ (quiet). ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುವ ರೂಢಿ ಇರುವುದರಿಂದ ಕಿವಿಗೂ ವ್ಯತ್ಯಾಸ ಸಿಗುವುದಿಲ್ಲ. ಕ್ವೈಟ್ ಒಂದೇ ಉಸಿರು, ‘ವೈಟ್’, ‘ಕೈಟ್’ ಜೊತೆ ಪ್ರಾಸ ಕೂಡುತ್ತದೆ, ಅವುಗಳ ಹಾಗೇ ಕೊನೆಯಲ್ಲಿ ಟಿ ಆದ ಮೇಲೆ ಇ. ಕ್ವಯೆಟ್‌ನಲ್ಲಿ ಎರಡು ತುಂಡು, ಕ್ವೈ-ಎಟ್. ಅದು ‘ಡಯೆಟ್’ ಜೊತೆ ಪ್ರಾಸ, ಡಯೆಟ್‌ನ ಹಾಗೇ ಕೊನೆಗೆ ಇ ಆದ ಮೇಲೆ ಟಿ. ಬಾಯಲ್ಲಿ ಹೇಳಿಕೊಂಡು ಬರೆದರೆ ತಪ್ಪುವುದಿಲ್ಲ. ಕಂಪ್ಯೂಟರಿನ ಸ್ಪೆಲ್‌ಚೆಕ್ ನಂಬಬೇಡಿ, ಎರಡೂ ಸರಿಯಾದ ಪದಗಳೇ ಆದ್ದರಿಂದ ಅದು ಬಹಳ ಸಲ ಸುಮ್ಮನಿರುತ್ತದೆ. ಇನ್ನೊಂದು ‘ಕ್ವಿಟ್’, ಬಿಟ್ಟುಬಿಡು ಅನ್ನುವುದು. ಮೂರೂ ಒಂದೇ ಲ್ಯಾಟಿನ್ ಬೇರಿನಿಂದ ಹುಟ್ಟಿದವು, ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದವು, ಅದಕ್ಕೇ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಬೇಕಿದ್ದರೆ ಎರಡನ್ನೂ ಒಟ್ಟಿಗೇ ಬಳಸಬಹುದು. ‘ಇಟ್ಸ್ ಕ್ವೈಟ್ ಕ್ವಯೆಟ್ ಹಿಯರ್ ಇನ್ ಜೂನ್’ ಸರಿಯಾದ ವಾಕ್ಯ, ಜೂನ್ ತಿಂಗಳಿನ ಮಟ್ಟಿಗೆ ನಿಜವೂ ಹೌದು.

ನೀವೇ ಬರೆಯುವಾಗ

ಓದುವಾಗ ಎಲ್ಲ ಅರ್ಥವೂ ಗೊತ್ತಿರಲಿ, ಬರೆಯುವಾಗ ಮಾತ್ರ ಕಡಿಮೆ ಬಳಸಿ. ನನ್ನ ಅಭಿಪ್ರಾಯದಲ್ಲಿ ಬಾಡಿಗೆ, ದಾರಿ, ಮಳೆ, ದೂರ ಈ ನಾಲ್ಕರ ಹತ್ತಿರ ಕ್ವೈಟ್ ಸುಳಿಯಲೇಬಾರದು. ‘ಹೌ ಈಸ್ ದ ರೋಡ್?’ ಅಂತ ಮಳೆಗಾಲದಲ್ಲಿ ಗೆಸ್ಟ್ ಕೇಳುತ್ತಾರೆ. ನೀವು ‘ದ ಲಾಸ್ಟ್ 2 ಕಿಲೋಮೀಟರ್ಸ್ ಆರ್ ಕ್ವೈಟ್ ರಫ್’ ಅಂತ ಬರೆಯುತ್ತೀರಿ. ಬ್ರಿಟಿಷ್ ಲೆಕ್ಕದಲ್ಲಿ ಓದುವವರು ‘ಸ್ವಲ್ಪ ಒರಟು, ಅಷ್ಟೇ’ ಅಂದುಕೊಂಡು ಸಣ್ಣ ಕಾರಲ್ಲಿ ಬರುತ್ತಾರೆ, ಕಾರಿನ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ, ನೆಟ್‌ವರ್ಕ್ ಇಲ್ಲ, ರಾತ್ರಿ ಎಂಟಕ್ಕೆ ನೀವು ಟಾರ್ಚ್ ಹಿಡಿದು ಹುಡುಕಿಕೊಂಡು ಹೋಗಬೇಕು. ಬದಲಿಗೆ ಹೀಗೆ ಬರೆಯಿರಿ: ‘ದ ಲಾಸ್ಟ್ 2 ಕಿಲೋಮೀಟರ್ಸ್ ಆರ್ ವೆರಿ ರಫ್. ಸ್ಮಾಲ್ ಕಾರ್ಸ್ ಕೆನಾಟ್ ಕಮ್. ಪಾರ್ಕ್ ಅಟ್ ದ ಮೇನ್ ರೋಡ್, ವಿ ವಿಲ್ ಸೆಂಡ್ ಎ ಜೀಪ್.’